ಬಿಎಫ್‌ಸಿ ಸಂಬಳ, ನಿಂತ ಲೀಗು: ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು?

ನೀಲಿ_ಮಫ್ಲರ್

ನಮಸ್ಕಾರ. ಇದು ಅರ್ಧ ಪ್ರಶ್ನೆ, ಅರ್ಧ ಗೋಳು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಕಂಠೀರವಕ್ಕೆ ಮೊದಲ ಸಲ ಹೋದದ್ದು 2018ರ ಮಾರ್ಚ್ 17ಕ್ಕೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್, ನಮ್ಮ ಬೆಂಗಳೂರು ಎಫ್‌ಸಿಗೂ (ಬಿಎಫ್‌ಸಿ) ಚೆನ್ನೈಯಿನ್‌ಗೂ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಒಂದು ವಾರವೂ ಇರಲಿಲ್ಲ. ಅಮ್ಮನಿಗೆ 'ಗ್ರೂಪ್ ಸ್ಟಡಿ' ಅಂತ ಹೇಳಿ ಮಾವ ಕರೆದುಕೊಂಡು ಹೋಗಿದ್ದರು. 9ನೇ ನಿಮಿಷಕ್ಕೆ ನಮ್ಮ ನಾಯಕ ಸುನಿಲ್ ಛೆಟ್ರಿ ಹಾರಿ ತಲೆ ಕೊಟ್ಟು ಗೋಲು ಹೊಡೆದರು. ಮಾವ ನನ್ನನ್ನು ಎತ್ತಿಕೊಂಡೇ ಬಿಟ್ಟರು. ಆಮೇಲೆ ಚೆನ್ನೈಯಿನ್‌ನವರು ಬಂದು 3-2 ಮಾಡಿ ಕಪ್ ಎತ್ತಿಕೊಂಡು ಹೋದರು. ಮನೆಗೆ ಬಂದಾಗ ಕಣ್ಣು ಕೆಂಪಾಗಿತ್ತು. 'ಓದಿ ಓದಿ ಹೀಗಾಗಿದೆ ಪಾಪ' ಅಂದರು ಅಮ್ಮ. ಅವತ್ತು ಹತ್ತಿದ ಹುಚ್ಚು ಇಳಿದಿಲ್ಲ.

ಈಗ 2025ರ ನವೆಂಬರ್ ಮುಗಿಯುತ್ತಾ ಬಂತು, ಲೀಗೇ ಇಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತಿದ್ದೇವೆ ಅಂತ ಹೇಳಿಕೆ ಕೊಟ್ಟಿತು. ಎರಡು ವಾರದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಗೋವಾದಲ್ಲಿ ಸೂಪರ್ ಕಪ್ ಆಡಿಸಿದರು, ಹಸಿದವನಿಗೆ ಕಡಲೆಕಾಯಿ ಕೊಟ್ಟ ಹಾಗೆ. ಮೊನ್ನೆ ಲೀಗ್ ನಡೆಸುವ ಹಕ್ಕಿನ ಟೆಂಡರ್‌ಗೆ ಒಬ್ಬರೂ ಬರಲಿಲ್ಲವಂತೆ.

ನನ್ನ ರೂಮ್‌ಮೇಟ್ ಚೆಲ್ಸಿ ಅಭಿಮಾನಿ. 'ನಿಮ್ಮ ಮಾಲೀಕರದ್ದು ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇದೆ, 25 ಹುಡುಗರಿಗೆ ಸಂಬಳ ಕೊಡೋಕಾಗಲ್ವಾ?' ಅಂತಾನೆ. ಉತ್ತರ ಹೊಳೆಯಲಿಲ್ಲ. 'ದುಡ್ಡಿಲ್ಲ ಅಂದ್ರೆ ಇಂಗ್ಲೆಂಡಿನ ಬ್ರೈಟನ್ ಕ್ಲಬ್ ಥರ ಆಟಗಾರರನ್ನ ಬೆಳೆಸಿ ಮಾರಿ' ಅಂತಾನೆ. ಅದಕ್ಕೂ ಉತ್ತರ ಹೊಳೆಯಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ಸಿಟ್ಟು ಬಂದಿದೆ. ಯಾರ ಮೇಲೆ ಮಾಡಿಕೊಳ್ಳಲಿ? ಕ್ಲಬ್? ಫೆಡರೇಶನ್? ಲೀಗ್ ನಡೆಸುವ ಕಂಪನಿ? ಕೋರ್ಟು?


ಪೀಣ್ಯ_ಲೆಡ್ಜರ್

ತಮ್ಮಾ, ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬಿಎಫ್‌ಸಿಯನ್ನು 2013ರಿಂದ ನೋಡುತ್ತಿದ್ದೇನೆ, ಅಶೋಕನಗರದ ಹಳೇ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಜೊತೆ 1-1 ಆದ ಮೊದಲ ಮ್ಯಾಚಿನಿಂದ. ನಿನ್ನ ಪ್ರಶ್ನೆಗೆ ನನ್ನ ಕಸುಬಿನ ಕಡೆಯಿಂದ ಬರುತ್ತೇನೆ.

ನಮ್ಮಲ್ಲಿ ಜಾಬ್ ವರ್ಕ್ ಅಂತ ಇದೆ. ಲೇತ್ ನಮ್ಮದು, ಆಪರೇಟರ್ ನಮ್ಮವನು, ಕರೆಂಟ್ ಬಿಲ್ ನಮ್ಮದು. ಡ್ರಾಯಿಂಗ್ ಪಾರ್ಟಿಯದು, ಕಬ್ಬಿಣ ಪಾರ್ಟಿಯದು, ಒಂದು ಪೀಸ್‌ಗೆ ಎಷ್ಟು ರೂಪಾಯಿ ಅಂತ ಹೇಳುವುದೂ ಪಾರ್ಟಿಯೇ. ಶೆಡ್ಡಂತೂ ಬಾಡಿಗೆ. ಹೊರಗಿನಿಂದ ನೋಡಿದವರು ನಮ್ಮ ಯಜಮಾನರನ್ನು 'ಫ್ಯಾಕ್ಟರಿ ಓನರ್' ಅಂತಾರೆ. ಪಾರ್ಟಿ ಆರ್ಡರ್ ನಿಲ್ಲಿಸಿದ ದಿನ ಗೊತ್ತಾಗುತ್ತದೆ, ಓನರ್ ಹತ್ತಿರ ಮಾರೋಕೆ ಏನೂ ಇಲ್ಲ ಅಂತ.

ಐಎಸ್‌ಎಲ್ ಕ್ಲಬ್ ಅಂದರೆ ಜಾಬ್ ವರ್ಕ್ ಯೂನಿಟ್.

ಹೇಗೆ ಅಂದರೆ, 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ತನ್ನ ಎಲ್ಲ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಐಎಂಜಿ-ರಿಲಯನ್ಸ್‌ಗೆ ಬರೆದುಕೊಟ್ಟಿತು. ಟಿವಿ, ಪ್ರಾಯೋಜಕರು, ಹೊಸ ಲೀಗ್ ಶುರು ಮಾಡುವ ಅಧಿಕಾರ, ಎಲ್ಲ. ಅದರ ಕೂಸು ಎಫ್‌ಎಸ್‌ಡಿಎಲ್ ಅನ್ನುವ ಕಂಪನಿ 2014ರಿಂದ ಐಎಸ್‌ಎಲ್ ನಡೆಸಿತು. ಫೆಡರೇಶನ್‌ಗೆ ವರ್ಷಕ್ಕೆ 50 ಕೋಟಿ ರೂಪಾಯಿ ಬರುತ್ತಿತ್ತು. ಕ್ಲಬ್‌ಗಳು ಲೀಗಿಗೆ ಫೀಸ್ ಕಟ್ಟಿ, ಲೀಗಿನಿಂದ ಬರುವ ಪಾಲು ತೆಗೆದುಕೊಂಡು, ಮಿಕ್ಕಿದ್ದನ್ನು ಜೇಬಿನಿಂದ ಹಾಕಿಕೊಂಡು ಆಡುತ್ತಿದ್ದವು. ಟಿವಿ ಹಕ್ಕು ಕ್ಲಬ್ಬಿನದಲ್ಲ. ಲೀಗ್ ಕ್ಲಬ್ಬಿನದಲ್ಲ. ಸ್ಟೇಡಿಯಂ? ಕಂಠೀರವ ರಾಜ್ಯ ಸರ್ಕಾರದ್ದು. ಸುತ್ತ ಓಟದ ಟ್ರ್ಯಾಕು. ಅಥ್ಲೀಟ್‌ಗಳು 'ನಮ್ಮ ಜಾಗ ಬಿಡಿ' ಅಂತ ಕೋರ್ಟಿಗೂ ಹೋಗಿದ್ದರು. (ಅವರದ್ದೂ ನ್ಯಾಯವೇ ಅನ್ನಿ, ಪಾಪ ಅವರು ಇನ್ನೆಲ್ಲಿ ಓಡಬೇಕು.) ಉಳಿದದ್ದು ಆಟಗಾರರು, ಜೆರ್ಸಿ ಮೇಲಿನ ಹೆಸರು, ನಿನ್ನ ಮಫ್ಲರ್.

ಆ 15 ವರ್ಷದ ಕರಾರು ಮುಗಿಯುವುದು 2025ರ ಡಿಸೆಂಬರ್ 8ಕ್ಕೆ. ಸೀಸನ್ ನಡುವೆ. ಮುಂದೇನು ಅಂತ ಗೊತ್ತಿಲ್ಲದೆ ಶುರು ಮಾಡಲ್ಲ ಅಂತ ಎಫ್‌ಎಸ್‌ಡಿಎಲ್ ಜುಲೈ 11ಕ್ಕೆ ಲೀಗನ್ನು ತಡೆಹಿಡಿಯಿತು. ಫೆಡರೇಶನ್ ಹೊಸ ಕರಾರು ಮಾಡೋಣ ಅಂದರೆ, ಫೆಡರೇಶನ್ನಿನದೇ ಸಂವಿಧಾನದ (ಅದರ ಒಳನಿಯಮಗಳ) ಕೇಸು ಇತ್ಯರ್ಥ ಆಗುವ ತನಕ ಸಹಿ ಹಾಕಬೇಡಿ ಅಂತ ಸುಪ್ರೀಂ ಕೋರ್ಟ್ ಏಪ್ರಿಲ್‌ನಲ್ಲೇ ಹೇಳಿತ್ತು. ಆ ಕೇಸು 2017ರದ್ದು! 2022ರಲ್ಲಿ ಇದೇ ಗೊಂದಲಕ್ಕೆ ಫಿಫಾ ಆಗಸ್ಟ್ 15ರಂದೇ ಫೆಡರೇಶನ್ನನ್ನು ಅಮಾನತು ಮಾಡಿತ್ತು, ನೆನಪಿದೆಯಾ? ಸ್ವಾತಂತ್ರ್ಯ ದಿನದ ಉಡುಗೊರೆ. ಹನ್ನೊಂದು ದಿನಕ್ಕೆ ತೆಗೆದರು. ಅದಾದ ಮೇಲೂ ಮೂರು ವರ್ಷ ಎಳೆದು, ಕೊನೆಗೆ ಈ ಸೆಪ್ಟೆಂಬರ್ 19ಕ್ಕೆ ತೀರ್ಪು ಬಂತು.

ಅಕ್ಟೋಬರ್‌ನಲ್ಲಿ ಟೆಂಡರ್. ವರ್ಷಕ್ಕೆ ಕನಿಷ್ಠ 37.5 ಕೋಟಿ, ಅಥವಾ ಒಟ್ಟು ಆದಾಯದ ಶೇ 5, ಯಾವುದು ಜಾಸ್ತಿಯೋ ಅದು. ಅವಧಿ 15 ವರ್ಷ. ನವೆಂಬರ್ 7 ಕೊನೇ ದಿನ. ಪೆಟ್ಟಿಗೆ ಖಾಲಿ. ನನಗೆ ಆಶ್ಚರ್ಯ ಆಗಲಿಲ್ಲ. ನಷ್ಟ ಆದರೆ ನಿನ್ನದು, ಲೀಗ್ ನನ್ನದು ಅಂದರೆ ಯಾರು ಬರುತ್ತಾರೆ? ಮನೆ ಬಾಡಿಗೆಗೆ ಕೊಟ್ಟು ಅಡುಗೆಮನೆ ಬೀಗದಕೈ ತಾನೇ ಇಟ್ಟುಕೊಂಡ ಹಾಗಾಯಿತು.

ಸಂಬಳ ನಿಂತದ್ದು ಹೀಗೆ. ಪಾರ್ಟಿಯಿಂದ ಆರ್ಡರ್ ಇಲ್ಲ. ನಮ್ಮೊಬ್ಬರದೇ ಅಲ್ಲ, ಚೆನ್ನೈಯಿನ್, ಒಡಿಶಾದವರೂ ಅದೇ ವಾರ ಬಾಗಿಲು ಎಳೆದುಕೊಂಡರು.


ಕಿಂಗ್_18_ವರ್ಷ

ಸುಮ್ನೆ ಆರ್‌ಸಿಬಿ ನೋಡಿ ಗುರು. ಆರಾಮಾಗಿರಿ.


ನೀಲಿ_ಮಫ್ಲರ್

ಒಂದು ಕಪ್‌ಗೆ 18 ಸೀಸನ್ ಕಾದವರು ನಮಗೆ ಆರಾಮದ ಪಾಠ ಹೇಳಬೇಡಿ. ನಾವು ಹುಟ್ಟಿದ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದವರು.


ಗೌತಮಪುರ_ಲೆಫ್ಟ್‌ಬ್ಯಾಕ್

ಲೆಡ್ಜರ್ ಸಾಹೇಬರು ಲೆಕ್ಕ ಚೆನ್ನಾಗಿ ಹೇಳಿದಿರಿ. ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2020ರ ಲಾಕ್‌ಡೌನ್‌ನಲ್ಲಿ ನಿಮ್ಮ ಕಾರ್ಖಾನೆಗೂ ಆರ್ಡರ್ ಇರಲಿಲ್ಲ ಅಲ್ವಾ? ಆಪರೇಟರ್‌ಗಳಿಗೆ ಒಂದು ಪೈಸೆಯೂ ಕೊಡಲಿಲ್ಲವಾ?

ನಾನು ಹಲಸೂರು ಪಕ್ಕದ ಗೌತಮಪುರದವನು. ನಮ್ಮ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆ ವಿಗ್ರಹವೂ ಇದೆ. ಎಂಬತ್ತರ ದಶಕದಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ತಂಡಕ್ಕೆ ಆಡಿದೆ. ಬೆಳಿಗ್ಗೆ ಶಿಫ್ಟ್, ಮಧ್ಯಾಹ್ನ ಗೇಟ್ ಪಾಸ್, ಮೂರು ಗಂಟೆಗೆ ಪ್ರಾಕ್ಟೀಸ್. ಮಳೆ ಬಂದು ಲೀಗ್ ನಿಂತರೂ ಒಂದನೇ ತಾರೀಕು ಸಂಬಳ. ಮಂಡಿ ಹೋಯಿತು, ಆಟ ನಿಂತಿತು, ಕೆಲಸ ನಿಲ್ಲಲಿಲ್ಲ. ಈಗ ಪೆನ್ಶನ್. ಆಗ ನಮ್ಮನ್ನು 'ಅಮೆಚೂರ್' ಅನ್ನುತ್ತಿದ್ದರು. ಈಗಿನ ಹುಡುಗರನ್ನು 'ಪ್ರೊಫೆಷನಲ್' ಅನ್ನುತ್ತಾರೆ. ನೀವೇ ತೂಗಿ ನೋಡಿ.

ಈ ಊರಿನ ಫುಟ್‌ಬಾಲ್ 2013ಕ್ಕೆ ಹುಟ್ಟಿದ್ದಲ್ಲ ತಮ್ಮಾ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತಕ್ಕೆ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ನಮ್ಮೂರಿನವರೇ. ಮರುವರ್ಷ ಈಸ್ಟ್ ಬೆಂಗಾಲ್ ಅವರನ್ನು ಕಲ್ಕತ್ತೆಗೆ ಕರೆದುಕೊಂಡು ಹೋಯಿತು. ಅಲ್ಲಿ 'ಪಂಚ ಪಾಂಡವರು' ಅಂತ ಹೆಸರಾದ ಐವರು ಆಟಗಾರರಲ್ಲಿ ಒಬ್ಬರಾದರು. ಟ್ರಾನ್ಸ್‌ಫರ್ ಟ್ರಾನ್ಸ್‌ಫರ್ ಅಂತೀರಲ್ಲ, ಈ ಊರು ಆಗಿಂದ ಬೆಳೆಸಿ ಕೊಟ್ಟದ್ದೇ ಕೊಟ್ಟದ್ದು. ನಮಗೆ ಬಂದದ್ದು ಮಾತ್ರ ಏನೂ ಇಲ್ಲ.

ಇನ್ನೊಂದು ಹೊಟ್ಟೆಉರಿ ಹೇಳಿಬಿಡುತ್ತೇನೆ. 2023ರ ಮಾರ್ಚ್ 3ಕ್ಕೆ ಛೆಟ್ರಿ ಆ ವಿವಾದದ ಫ್ರೀ ಕಿಕ್ ಹೊಡೆದು, ಕೇರಳ ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟು ಹೋದರಲ್ಲ, ಮರುದಿನ ಏನಾಯಿತು ಗೊತ್ತಾ? ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಎಲ್ಲರ ಬಾಯಲ್ಲೂ ಫ್ರೀ ಕಿಕ್ಕೇ. ಮೈಸೂರು ರಾಜ್ಯದ ಹೆಸರಲ್ಲಿ ಕೊನೇ ಸಲ ಗೆದ್ದಾಗ ನಾನು ಚಡ್ಡಿ ಹಾಕುತ್ತಿದ್ದೆ. ಈ ಸಲ ಮನೆಯಲ್ಲಿ ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

ನನ್ನ ಸಿಟ್ಟು ಮಾಲೀಕರ ಮೇಲೇ. ದೊಡ್ಡ ಮನೆ ಅಂದಮೇಲೆ ಕಷ್ಟದಲ್ಲಿ ಕೈ ಬಿಡಬಾರದು.


ಮರ್ಸಿ_ದಂಡೆ

ಲಿವರ್‌ಪೂಲ್‌ನಿಂದ ಬರೆಯುತ್ತಿದ್ದೇನೆ. ಊರು ಶಿವಮೊಗ್ಗ. ಇಲ್ಲಿಗೆ ಬಂದು ಎವರ್ಟನ್ ಕ್ಲಬ್ ಹಿಡಿದುಕೊಂಡೆ, ಕಷ್ಟಪಡುವುದೇ ನನ್ನ ಜಾತಕ ಅಂತ ಕಾಣುತ್ತದೆ.

ನೀಲಿ ಮಫ್ಲರ್ ಅವರ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಯಿತು, ಯಾಕೆಂದರೆ ಇಲ್ಲಿ ಅದಕ್ಕೆ ಉತ್ತರ ಇರುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಮೂರು ವರ್ಷ ಸೇರಿ 105 ಮಿಲಿಯನ್ ಪೌಂಡ್‌ಗಿಂತ ಜಾಸ್ತಿ ನಷ್ಟ ಮಾಡುವ ಹಾಗಿರಲಿಲ್ಲ. ನಾವು 19.5 ಮಿಲಿಯನ್ ಮೀರಿದೆವು. 2023ರ ನವೆಂಬರ್‌ನಲ್ಲಿ ಒಂದೇ ಏಟಿಗೆ 10 ಅಂಕ ಕಿತ್ತುಕೊಂಡರು. ಮುಂದಿನ ಮ್ಯಾಚ್ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ನಮ್ಮದೇ ಗುಡಿಸನ್ ಮೈದಾನದಲ್ಲಿ. ಇಡೀ ಸ್ಟೇಡಿಯಂ ಗುಲಾಬಿ ಬಣ್ಣದ ಕಾರ್ಡ್ ಎತ್ತಿ ಹಿಡಿಯಿತು, ಮೇಲೆ ಲೀಗಿನ ಗುರುತು, ಕೆಳಗೆ 'ಭ್ರಷ್ಟ' ಅಂತ. ಮೇಲ್ಮನವಿಯಲ್ಲಿ ನಾಲ್ಕು ಅಂಕ ವಾಪಸ್ ಬಂದವು. ಏಪ್ರಿಲ್‌ನಲ್ಲಿ ಇನ್ನೊಂದು ಲೆಕ್ಕಕ್ಕೆ ಎರಡು ಹೋದವು.

ಸರಿಯೋ ತಪ್ಪೋ ಆಮೇಲೆ. ಯಾರು ಹೊಡೆದರು, ಯಾವ ನಿಯಮಕ್ಕೆ ಹೊಡೆದರು, ಎಲ್ಲಿ ದೂರು ಕೊಡಬೇಕು ಅಂತ ನನಗೆ ಗೊತ್ತಿತ್ತು. ಹಾಗಂತ ಇಲ್ಲಿ ಎಲ್ಲ ಬಂಗಾರ ಅಲ್ಲ. 1885ರಲ್ಲಿ ಹುಟ್ಟಿದ ಬರಿ ಕ್ಲಬ್ಬನ್ನು 2019ರಲ್ಲಿ ದುಡ್ಡಿಲ್ಲ ಅಂತ ಲೀಗಿನಿಂದಲೇ ಹೊರಹಾಕಿದರು. ಅದಾದ ಮೇಲೆ ಗಲಾಟೆ ಆಗಿ ಆಗಿ ಈ ಜುಲೈನಲ್ಲಿ ಸಂಸತ್ತು ಕಾನೂನು ಮಾಡಿ, ಕ್ಲಬ್‌ಗಳ ಹಣಕಾಸು ನೋಡಲು ಸ್ವತಂತ್ರ ನಿಯಂತ್ರಕರನ್ನೇ ತಂದಿದೆ.


ಪೀಣ್ಯ_ಲೆಡ್ಜರ್

ಲೆಫ್ಟ್‌ಬ್ಯಾಕ್ ಅವರೇ, ಮರ್ಮಕ್ಕೇ ಹೊಡೆದಿರಿ. 2020ರಲ್ಲಿ ನಮ್ಮ ಯಜಮಾನರು ಎರಡು ತಿಂಗಳು ಅರ್ಧ ಸಂಬಳ ಕೊಟ್ಟರು. ಹೆಂಡತಿಯ ಬಳೆ ಅಡವಿಟ್ಟದ್ದು ನನಗೆ ಮಾತ್ರ ಗೊತ್ತು, ಎಂಟ್ರಿ ಬರೆದವನು ನಾನೇ. ಆದ್ದರಿಂದ 'ಆರ್ಡರ್ ಇಲ್ಲ, ಸಂಬಳ ಇಲ್ಲ' ಅನ್ನುವುದು ಲೆಕ್ಕದಲ್ಲಿ ಕೂಡುತ್ತದೆ, ಮನಸ್ಸಿಗೆ ಕೂಡುವುದಿಲ್ಲ. ಒಪ್ಪಿದೆ. ಒಂದು ಮಾತು ಮಾತ್ರ ಸೇರಿಸಬೇಕು. ಸಂಬಳ ನಿಲ್ಲಿಸಿದ ಬಿಎಫ್‌ಸಿಯ ಅದೇ ಹೇಳಿಕೆಯಲ್ಲಿ ಕಿರಿಯರ ತಂಡಗಳು, ಅಕಾಡೆಮಿ, ಸಾಕರ್ ಶಾಲೆಗಳಿಗೆ ತೊಂದರೆ ಇಲ್ಲ ಅಂದಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಈಗ ರೂಮ್‌ಮೇಟ್‌ಗೆ ಉತ್ತರ. ಬ್ರೈಟನ್ ಮೊಯಿಸೆಸ್ ಕೈಸೆಡೊನನ್ನು ಈಕ್ವೆಡಾರ್‌ನಿಂದ ಐದು ಮಿಲಿಯನ್ ಪೌಂಡ್‌ಗಿಂತ ಕಡಿಮೆಗೆ ತಂದು, 2023ರಲ್ಲಿ ನಿನ್ನ ರೂಮ್‌ಮೇಟ್‌ನ ಕ್ಲಬ್ಬಿಗೇ 100 ಮಿಲಿಯನ್‌ಗೆ ಮಾರಿತು. ಅಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಕರಾರು ಇರುವ ಆಟಗಾರ ಅಂದರೆ ಪುಸ್ತಕದಲ್ಲಿ ಆಸ್ತಿ. ನಮ್ಮ ಲೇತ್ ಇದ್ದ ಹಾಗೆ. ಕೊಂಡ ಬೆಲೆಯನ್ನು ವರ್ಷಗಳಿಗೆ ಹಂಚಿ ಸವಕಳಿ ಬರೆಯುತ್ತಾರೆ. ಚೆಲ್ಸಿಯವರು ಇದರಲ್ಲಿ ಎಂಥ ಕಿಲಾಡಿಗಳು ಅಂದರೆ, ಎನ್ಜೊ ಫೆರ್ನಾಂಡೆಸ್‌ಗೆ ಸುಮಾರು 107 ಮಿಲಿಯನ್ ಕೊಟ್ಟು ಎಂಟೂವರೆ ವರ್ಷದ ಕರಾರು ಬರೆಸಿದರು. ವರ್ಷದ ಲೆಕ್ಕಕ್ಕೆ ಬಿದ್ದದ್ದು ಹನ್ನೆರಡೂವರೆ ಮಿಲಿಯನ್ ಮಾತ್ರ! ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ಎಚ್ಚೆತ್ತು, ಐದು ವರ್ಷಕ್ಕಿಂತ ಜಾಸ್ತಿ ಹಂಚುವ ಹಾಗಿಲ್ಲ ಅಂತ ನಿಯಮ ತಂದಿತು. ಆಮೇಲೆ ಚೆಲ್ಸಿಯವರು ಸ್ಟೇಡಿಯಂ ಪಕ್ಕದ ತಮ್ಮದೇ ಎರಡು ಹೋಟೆಲನ್ನು ತಮ್ಮದೇ ಇನ್ನೊಂದು ಕಂಪನಿಗೆ 76.5 ಮಿಲಿಯನ್‌ಗೆ ಮಾರಿ ಲಾಭ ತೋರಿಸಿದರು. ಎಡಗೈ ಬಲಗೈಗೆ ಬಿಲ್ ಮಾಡಿದ ಹಾಗೆ. ನಾನು ಹಾಗೆ ಬರೆದಿದ್ದರೆ ನಮ್ಮ ಆಡಿಟರ್ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು.

ನಮ್ಮಲ್ಲಿ? ಕರಾರೇ ಗಟ್ಟಿ ಇಲ್ಲ. ಅನ್ವರ್ ಅಲಿ ಪ್ರಕರಣ ನೋಡು. ದೆಹಲಿ ಎಫ್‌ಸಿಯ ಹುಡುಗ, ದೀರ್ಘ ಲೋನ್ (ಎರವಲು ಕರಾರು) ಮೇಲೆ ಮೋಹನ್ ಬಗಾನ್‌ನಲ್ಲಿದ್ದ. 2024ರಲ್ಲಿ ಅದನ್ನು ಮುರಿದುಕೊಂಡು ಎದುರುಮನೆ ಈಸ್ಟ್ ಬೆಂಗಾಲ್‌ಗೆ ಹೋದ. ಫೆಡರೇಶನ್ ಸಮಿತಿ ಅವನಿಗೆ ನಾಲ್ಕು ತಿಂಗಳು ನಿಷೇಧ ಹಾಕಿತು, ಬಗಾನ್‌ಗೆ 12.90 ಕೋಟಿ ಪರಿಹಾರ ಕೊಡಿ ಅಂತು. ದೆಹಲಿ ಹೈಕೋರ್ಟ್‌ಗೆ ಹೋದರು, ಆದೇಶವೇ ವಾಪಸ್ ಆಯಿತು. ಅದೇ ತಿಂಗಳು ಹುಡುಗ ಆಡುತ್ತಿದ್ದ. ಹುಡುಗನದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ 12.90 ಕೋಟಿ ಆಸ್ತಿಯಾ, ಗಾಳಿಯಾ ಅಂತ ಯಾವ ಲೆಕ್ಕಿಗ ಹೇಳಬಲ್ಲ? ಅದನ್ನು ನಂಬಿ ಯಾರು ಅಕಾಡೆಮಿ ಕಟ್ಟುತ್ತಾರೆ?

ಮಾರೋಣ ಅಂದರೂ ಕೊಳ್ಳುವವರು ಕಳೆದ ಸೀಸನ್‌ನ ಲೆಕ್ಕದಲ್ಲಿ ಇನ್ನು 12 ಕ್ಲಬ್ಬು. ಎಲ್ಲಕ್ಕೂ ಸಂಬಳದ ಮಿತಿ, ಎಲ್ಲವೂ ನಷ್ಟದಲ್ಲಿ. ಹೊರದೇಶದವರು ಬರಲ್ಲ. ಮೊನ್ನೆ 18ಕ್ಕೆ ಢಾಕಾದಲ್ಲಿ ಭಾರತ ತಂಡ ಬಾಂಗ್ಲಾದೇಶದ ಮೇಲೆ 1-0 ಸೋತಿತು. ಆ ತಂಡದಿಂದ ಆಟಗಾರ ಬೇಕು ಅಂತ ಬೆಲ್ಜಿಯಂನಿಂದ ಫೋನ್ ಬರುತ್ತಾ? ನಮ್ಮ ವಿನಿತ್ ವೆಂಕಟೇಶ್ ಕಳೆದ ವರ್ಷ ಈಸ್ಟ್ ಬೆಂಗಾಲ್ ಮೇಲೆ ಹೊಡೆದ ಗೋಲು ನೋಡಿದಾಗ 'ಇವನನ್ನ ಯಾರೂ ಕೊಂಡುಕೊಳ್ಳಬೇಡಿ' ಅಂತ ಪ್ರಾರ್ಥನೆ ಮಾಡಿದೆ. ಲೆಕ್ಕಿಗನ ಬಾಯಲ್ಲಿ ಬರಬಾರದ ಮಾತು.

ಸಿಟ್ಟಿನ ವಿಷಯ. ನಾನು ಕೋರ್ಟಿನ ಮೇಲೆ ಮಾಡಿಕೊಳ್ಳಲ್ಲ. ಜಾಸ್ತಿ ತಡವಾಯಿತು ಹೌದು, ಆದರೆ ಫೆಡರೇಶನ್ ಮನೆ ಸರಿ ಇದ್ದಿದ್ದರೆ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ನನ್ನ ಸಿಟ್ಟು ಒಂದು ದಿನಾಂಕದ ಮೇಲೆ. ನಮ್ಮ ಕಚೇರಿ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ವಿಮೆ, ಶೆಡ್ ಕರಾರು, ತೂಕದ ಯಂತ್ರದ ಮುದ್ರೆ, ಯಾವುದು ಯಾವತ್ತು ಮುಗಿಯುತ್ತದೆ ಅಂತ ಕೆಂಪು ಶಾಯಿಯಲ್ಲಿ ಬರೆದಿರುತ್ತೇನೆ. ಮೂರು ತಿಂಗಳು ಮೊದಲು ಯಜಮಾನರ ಟೇಬಲ್ ಮೇಲೆ ಚೀಟಿ. 15 ಸಾವಿರ ರೂಪಾಯಿ ವಿಮೆಗೆ ಇಷ್ಟು. 2025ರ ಡಿಸೆಂಬರ್ 8 ಅನ್ನುವುದು 2010ರಿಂದ ಗೊತ್ತಿತ್ತು. ಫೆಡರೇಶನ್‌ಗೆ ಗೊತ್ತಿತ್ತು, ಎಫ್‌ಎಸ್‌ಡಿಎಲ್‌ಗೆ ಗೊತ್ತಿತ್ತು, ಕ್ಲಬ್ ಕೊಂಡ ಪ್ರತಿಯೊಬ್ಬ ಮಾಲೀಕರಿಗೂ ಗೊತ್ತಿತ್ತು. ಬ್ಲಾಸ್ಟರ್ಸ್ ಮೈದಾನ ಬಿಟ್ಟದ್ದಕ್ಕೆ 4 ಕೋಟಿ ದಂಡ ಹಾಕಲು ಫೆಡರೇಶನ್‌ಗೆ ಒಂದು ತಿಂಗಳೂ ಬೇಕಾಗಲಿಲ್ಲ. ಈ ಚೀಟಿ ಬರೆಯಲು 15 ವರ್ಷ ಸಾಲಲಿಲ್ಲ.

ಒಂದು ದಾರಿ ಚರ್ಚೆಗೆ ಬಂದಿತ್ತು. ಲೀಗಿಗೆ ಒಂದು ಕಂಪನಿ, ಅದರಲ್ಲಿ ಕ್ಲಬ್‌ಗಳಿಗೆ ಶೇ 60, ಎಫ್‌ಎಸ್‌ಡಿಎಲ್‌ಗೆ 26, ಫೆಡರೇಶನ್‌ಗೆ 14. ಆಗಿದ್ದರೆ ಜಾಬ್ ವರ್ಕ್ ಹೋಗಿ ಪಾಲುದಾರಿಕೆ ಬರುತ್ತಿತ್ತು. ಆದರೆ ದೇಶದ ಮೊದಲ ದರ್ಜೆಯ ಲೀಗ್ ಫೆಡರೇಶನ್ ಒಡೆತನದಲ್ಲೇ ಇರಬೇಕು ಅನ್ನುವ ಪಟ್ಟು ಇದೆ, ಹಿಂಬಡ್ತಿ (ಕೊನೇ ಸ್ಥಾನದವರು ಕೆಳಗಿನ ಲೀಗಿಗೆ ಇಳಿಯುವುದು) ಕಡ್ಡಾಯ ಅನ್ನುವ ಮಾತಿದೆ. ಹಿಂಬಡ್ತಿ ಬೇಕು ಅಂತ ನಾನೂ ಹೇಳುತ್ತೇನೆ. ಹಣ ಹಾಕುವವನು ಅದನ್ನು ಕೇಳಿದ ತಕ್ಷಣ ಕುರ್ಚಿ ಹಿಂದಕ್ಕೆ ಸರಿಸುತ್ತಾನೆ, ಅದೂ ಗೊತ್ತು.


ನೀಲಿ_ಮಫ್ಲರ್

ಎಲ್ಲವನ್ನೂ ರೂಮ್‌ಮೇಟ್‌ಗೆ ಓದಿ ಹೇಳಿದೆ. ಹೋಟೆಲ್ ವಿಷಯ ಬಂದಾಗ 'ಅದು ಕಾನೂನುಬದ್ಧ' ಅಂತ ಸ್ನಾನಕ್ಕೆ ಹೋದ.

ಲೆಡ್ಜರ್ ಸರ್, ನಿಮ್ಮ ಕ್ಯಾಲೆಂಡರ್ ಮಾತು ಒಪ್ಪಿದೆ. ಆದರೆ ದಿನಾಂಕದ ಮೇಲೆ ಸಿಟ್ಟು ಮಾಡಿಕೊಂಡು ಬ್ಯಾನರ್ ಬರೆಯೋದು ಹೇಗೆ? ಎವರ್ಟನ್‌ನವರಿಗೆ ಗುಲಾಬಿ ಕಾರ್ಡ್ ಇತ್ತು. ನಮಗೆ ಕಾರ್ಡ್ ಎತ್ತೋಕೆ ಒಂದು ಮ್ಯಾಚೂ ಇಲ್ಲ.


ಗೌತಮಪುರ_ಲೆಫ್ಟ್‌ಬ್ಯಾಕ್

ಮ್ಯಾಚ್ ಇಲ್ಲ ಅಂತ ಯಾರು ಹೇಳಿದ್ದು? ಬೆಂಗಳೂರು ಸೂಪರ್ ಡಿವಿಷನ್‌ನಲ್ಲಿ ಬಿಎಫ್‌ಸಿಯ ಕಿರಿಯರ ತಂಡವೂ ಆಡುತ್ತದೆ. ಅದೇ ಅಶೋಕನಗರದ ಸ್ಟೇಡಿಯಂ. ಹುಡುಗರಿಗೆ 17, 18 ವರ್ಷ. ಗ್ಯಾಲರಿಯಲ್ಲಿ ನಮ್ಮಂಥ ನಾಲ್ಕು ಮುದುಕರು, ಒಂದು ನಾಯಿ. ನಿನ್ನ ಮಾವನನ್ನೂ ಕರೆದುಕೊಂಡು ಬಾ. ಮಫ್ಲರ್ ಬೇಡ, ಮೂರು ಗಂಟೆ ಬಿಸಿಲಿಗೆ ಟೋಪಿ ತಾ.


ನೀಲಿ_ಮಫ್ಲರ್

ಬರುತ್ತೇನೆ ಸರ್. ಮಫ್ಲರ್ ಮಾತ್ರ ತಂದೇ ತರುತ್ತೇನೆ.


ಪೀಣ್ಯ_ಲೆಡ್ಜರ್

ನನಗೂ ಹೇಳಿ. ಶನಿವಾರ ಆದರೆ ಅರ್ಧ ದಿನ ರಜೆ ಸಿಗುತ್ತದೆ. ತಿಂಗಳ ಕೊನೇ ಶನಿವಾರ ಬೇಡ, ಅವತ್ತು ಸಂಬಳದ ಪಟ್ಟಿ ಬರೆಯಬೇಕು.